ಮ್ಯಾಟ್ ಸ್ಪ್ರೇ ಹೊಡೆದ ಮಾಡೆಲ್ ರೈಲು ವ್ಯಾಗನ್ ಇಡೀ ಬೆಳ್ಳಗೆ, ಎಂತ ಮಾಡುದು???

ಕುಂಬಳೆ_ಗೂಡ್ಸ್:
ತಲೆ ಕೆಟ್ಟು ಹೋಗಿದೆ ಮಾರಾಯ್ರೆ. ಎಚ್‌ಒ ಸ್ಕೇಲಿನ, ಅಂದರೆ ನಿಜದ್ದರ 87ರಲ್ಲಿ ಒಂದು ಪಾಲಿನ, ಎರಡು ಬಾಕ್ಸ್‌ಎನ್ ವ್ಯಾಗನ್ (ಮೇಲೆ ತೆರೆದ ಗೂಡ್ಸ್ ಬೋಗಿ), ಸ್ಟೈರೀನ್ ಪ್ಲಾಸ್ಟಿಕ್ ಶೀಟ್ ಕೊಯ್ದು ಕೊಯ್ದು ಎರಡು ತಿಂಗಳು ಕೂತು ಮಾಡಿದ್ದು, ತುಕ್ಕಿನ ಬಣ್ಣ ಚಂದ ಬಂದಿತ್ತು, ಬಾಗಿಲ ಸಂದಿಗೆಲ್ಲ ಮುರಕಲ್ಲಿನ ಹುಡಿ ಬಟ್ಟೆಯಲ್ಲಿ ಗಾಳಿಸಿ ಹಾಕಿದ್ದೆ, ಈಗ ನೋಡಿದರೆ ಬೂದಿ ಬಳಿದ ಹಾಗೆ ಬೆಳ್ಳಗೆ. ಹೊಳಪು ತೆಗೆಯುವ ಮ್ಯಾಟ್ ಸ್ಪ್ರೇ ಹೊಡೆದದ್ದು, ಡಬ್ಬಿ ಹೊಸತು. ಎಲ್ಲಾ ಮಾಮೂಲಿ ರೀತಿಯಲ್ಲೇ ಮಾಡಿದ್ದು. ಯಾರಿಗಾದ್ರೂ ಗೊತ್ತುಂಟಾ?

ಹೊಸೂರು_ಡೀಸೆಲ್:
ತೇವ ಗುರು ತೇವ. ಸ್ಪ್ರೇಯಲ್ಲಿರೋ ಥಿನ್ನರ್ ಬೇಗ ಆರುತ್ತೆ, ಆರುವಾಗ ಮೇಲ್ಮೈ ತಣ್ಣಗಾಗುತ್ತೆ, ಗಾಳಿಲಿರೋ ನೀರು ಅಲ್ಲೇ ಕೂತ್ಕೊಳುತ್ತೆ, ಬಿಳಿ ಮಂಜು. ಮಳೇಲಿ ಹೊಡೆದಿದ್ದೀರ ಅಷ್ಟೆ.

ಕುಂಬಳೆ_ಗೂಡ್ಸ್:
ಮಳೆ ಎಲ್ಲಿಂದ? ಮನೆಯವರು ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸಿದ್ದ ದಿನ ಹೊಡೆದದ್ದು!

ಹೊಸೂರು_ಡೀಸೆಲ್:
ಬಿಸಿಲಿದ್ರೂ ಕರಾವಳಿ ಕರಾವಳಿನೇ. ಡಬ್ಬೀನ ಬಿಸಿನೀರಲ್ಲಿಟ್ಟು ಹೊಡೀರಿ.

ನೀರ್ಚಾಲು_ವರ್ಕ್‌ಶಾಪ್:
ಡಬ್ಬಿ ಉಗುರುಬೆಚ್ಚಗಿನ ನೀರಿನಲ್ಲಿ ಮಾತ್ರ ಇಡಿ ಮಾರಾಯ್ರೆ, ಕುದಿಯುವ ನೀರಿಗೆ ಹಾಕಿ ಮನೆ ಹಾರಿಸಬೇಡಿ.

ಸೊಲ್ಲಾಪುರ_ಸಣ್ಣಗಾಡಿ:
ಅದೆಲ್ಲಾ ಇರ್ಲಿ, ಬ್ರಾಡ್ ಗೇಜ್, ಅಂದ್ರ ಎರಡು ಹಳಿ ನಡುವಿನ ಅಂತರ, 1676 ಮಿಮೀ ಅದ, 87ರಿಂದ ಭಾಗಿಸಿದ್ರ 19.3ರ ಹತ್ತಿರ ಬರ್ತದ. ನೀವು ಓಡಸೂದು 16.5 ಮಿಮೀ ಹಳಿ ಮ್ಯಾಲ. ವ್ಯಾಗನ್ನು ಸೊರಗಿದ ಎತ್ತಿನಂಗ ಕಾಣತದ ನೋಡ್ರಿ. ನಾ ನಮ್ಮ ಕಡೆ ಇದ್ದ ಹಳೇ ನ್ಯಾರೋ ಗೇಜ್ ಬಾರ್ಸಿ ಲೈಟ್ ರೈಲ್ವೆ ಮಾಡೆಲ್ ಮಾಡಾಕತ್ತೀನಿ, 762 ಮಿಮೀ ಗೇಜು, ಎನ್ ಸ್ಕೇಲ್ ಅನ್ನೂ ಇನ್ನೂ ಸಣ್ಣ ಮಾಡೆಲ್ಲಿನ 9 ಮಿಮೀ ಹಳಿ ಹೆಚ್ಚುಕಮ್ಮಿ ಕೂಡತದ. ಅದರ ಕುರ್ಡುವಾಡಿ ಸ್ಟೇಷನ್ ಯಾರ್ಡು ಆಗ್ಯದ, 12 ಫೂಟ್ ಉದ್ದ.

ಹೊಸೂರು_ಡೀಸೆಲ್:
ಇಲ್ಲಿ ಗೇಜ್ ಯಾರು ಕೇಳಿದ್ರು ಸ್ವಾಮಿ? ಅಂಗಡೀಲಿ ಸಿಗೋ ಹಳಿ 16.5, ಅದನ್ನೇ ಹಾಕ್ತೀವಿ.

ನೀರ್ಚಾಲು_ವರ್ಕ್‌ಶಾಪ್:
ಸ್ಪ್ರೇ ಮೊದಲಾ, ಸಂದಿಗೆ ಬಿಡುವ ತೆಳು ಇಂಕಿನ ವಾಶ್ ಮೊದಲಾ? ಇಂಕ್ ಯಾವುದರಲ್ಲಿ ಕಲಸಿದ್ದು?

ಕುಂಬಳೆ_ಗೂಡ್ಸ್:
ಅದೇ, ಎಲ್ಲರೂ ಮಾಡುವ ಹಾಗೆ. ಸ್ಪ್ರೇ ಹೊಡೆದು ಮರುದಿನ ಕಪ್ಪು ಇಂಕ್ ವಾಶ್. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಮುಗಿದಿತ್ತು, ಕೊರೊನಾ ಕಾಲದ ಸ್ಯಾನಿಟೈಸರ್ ಒಂದು ಕ್ಯಾನ್ ಬಿದ್ದಿತ್ತು, ಅದರಲ್ಲೇ ಕಲಸಿದೆ. ಮುಟ್ಟಿದರೆ ಸ್ವಲ್ಪ ಅಂಟಂಟು ಕೂಡ ಉಂಟು.

ನೀರ್ಚಾಲು_ವರ್ಕ್‌ಶಾಪ್:
ಇದನ್ನು ಮೊದಲೇ ಹೇಳುದಲ್ವಾ!! ಮ್ಯಾಟ್ ಕೋಟಿನ ಮೇಲೆ ಆಲ್ಕೋಹಾಲ್ ಬಿದ್ದರೆ ಬೆಳ್ಳಗಾಗ್ತದೆ, ನನ್ನ ಬ್ರೇಕ್ ವ್ಯಾನ್ ಹಾಗೇ ಹೋದದ್ದು. ಅಂಟು ಗ್ಲಿಸರಿನ್‌ನದ್ದು, ಕೈ ಒಣಗದ ಹಾಗೆ ಸ್ಯಾನಿಟೈಸರಿಗೆ ಹಾಕಿರ್ತಾರೆ, ಅದು ಆರುವುದೇ ಇಲ್ಲ. ಮೆತ್ತಗಿನ ಬ್ರಶ್ಶಿನಲ್ಲಿ ಒಂದು ತೊಟ್ಟು ಸೋಪಿನ ನೀರು ಹಾಕಿ ಒರೆಸಿ, ಒಂದು ದಿನ ಪೂರ್ತಿ ಒಣಗಲಿ, ಮತ್ತೆ ಅದೇ ಮ್ಯಾಟ್ ತೆಳ್ಳಗೆ ಹೊಡೆದರೆ ಬಿಳುಪು ಮಾಯ. ಇನ್ನು ಮುಂದೆ ಇಂಕ್ ವಾಶ್ ಮೊದಲು, ಸ್ಪ್ರೇ ಆಮೇಲೆ. ಹುಡಿ ಎಲ್ಲದಕ್ಕಿಂತ ಕೊನೆಗೆ, ಅದರ ಮೇಲೆ ಸ್ಪ್ರೇ ಹೊಡೆದರೆ ಅರ್ಧ ಕಾಣುದೇ ಇಲ್ಲ.

ಹೊಸೂರು_ಡೀಸೆಲ್:
ತೇವಾನೂ ಸೇರ್ಕೊಂಡಿರತ್ತೆ, ನಾನು ಹೇಳಿದ್ದೇನು ಸುಳ್ಳಲ್ಲ.

ಕುಂಬಳೆ_ಗೂಡ್ಸ್:
ಒಂದು ವ್ಯಾಗನಿಗೆ ಹಾಗೆ ಮಾಡಿ ನೋಡಿದೆ, ಬಿಳುಪು ಹೋಯ್ತು!! ಆದರೆ ಒರೆಸುವಾಗ ಮುರಕಲ್ಲಿನ ಹುಡಿಯೂ ಹೋಯ್ತು, ಪುನಃ ಗಾಳಿಸುದು. ಇನ್ನೊಂದಕ್ಕೆ ನಾಳೆ ಕೈ ಹಾಕ್ತೇನೆ. ಹುಡಿ ಸ್ಪ್ರೇ ಇಲ್ಲದೆ ನಿಲ್ಲುದು ಹೇಗೆ ಅಂತ ಯಾರಾದ್ರೂ ಹೇಳಿ.

ಸೊಲ್ಲಾಪುರ_ಸಣ್ಣಗಾಡಿ:
ಯಾರ್ಡಿನ ಫೋಟೋ ಹಾಕ್ಲ್ಯಾ?