ಬೆನ್ನುಮೂಳೆಗೆ ಒಳ್ಳೆ ಸ್ಕ್ರೂ ಹಾಕಿದರೆ ಸಿಮೆಂಟ್ ಬೇಡ ಅಲ್ವಾ?

ಪ್ರಶ್ನೆ (ಶಿರಸಿ): ಡಾಕ್ಟ್ರೇ, ನಮ್ಮ ಆಯಿಗೆ 71 ವರ್ಷ. ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಎಲ್1 (ಸೊಂಟದ ಭಾಗದ ಮೊದಲ ಬೆನ್ನುಮೂಳೆ) ಒಡೆದಿದೆ, ಕಾಲಲ್ಲಿ ಶಕ್ತಿ ಕಡಿಮೆಯಾಗಿದೆ. ಹುಬ್ಬಳ್ಳಿಯಲ್ಲಿ ತೋರಿಸಿದೆವು. ಸ್ಕ್ರೂ, ರಾಡ್ ಹಾಕಬೇಕು, ಮೂಳೆ ಸವೆದಿದೆ, ಹಾಗಾಗಿ ಸಿಮೆಂಟೂ ಬೇಕು ಅಂದರು. ಮೂಳೆಯ ಸಾಂದ್ರತೆ ಹೇಳುವ ಟಿ-ಸ್ಕೋರ್ ಮೈನಸ್ 3.4. ಸಿಮೆಂಟ್ ಅಂದ ಕೂಡಲೇ ಆಯಿ ಹೆದರಿದ್ದಾರೆ. ದುಬಾರಿ ಸ್ಕ್ರೂ ಹಾಕಿಸಿದರೆ ಅದನ್ನು ತಪ್ಪಿಸಬಹುದಾ?

ಉತ್ತರ (ಬೆನ್ನುಮೂಳೆ ಸರ್ಜನ್): ದುಡ್ಡಿನಿಂದ ತಪ್ಪಿಸಲು ಆಗುವುದಿಲ್ಲ. ಸ್ಕ್ರೂ ಎಷ್ಟು ಗಟ್ಟಿ ಕೂರುತ್ತದೆ ಎನ್ನುವುದನ್ನು ಮೊದಲು ತೀರ್ಮಾನಿಸುವುದು ಮೂಳೆ. ಕಂಪನಿ ಹೆಸರು ಆಮೇಲೆ. ಟಿ-ಸ್ಕೋರ್ ಮೈನಸ್ 2.5 ಇದ್ದರೇ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತ, ಅನ್ನುತ್ತೇವೆ, ಆಯಿಯದು ಅದಕ್ಕಿಂತ ಕೆಳಗಿದೆ.

ಸ್ಕ್ರೂ ಹಿಂದಿನಿಂದ ಪೆಡಿಕಲ್ ಅನ್ನುವ ಕಿರಿದಾದ ಮೂಳೆಯ ಮೂಲಕ ಮುಂದಕ್ಕೆ ಹೋಗುತ್ತದೆ. ಹಿಡಿತದ ಅರ್ಧಕ್ಕಿಂತ ಜಾಸ್ತಿ ಭಾಗ ಆ ಪೆಡಿಕಲ್‌ನದ್ದೇ. ಸೊಂಟದ ಭಾಗದಲ್ಲಿ ಸಾಮಾನ್ಯವಾಗಿ 6.5 ಮಿ.ಮೀ. ದಪ್ಪ, 40ರಿಂದ 50 ಮಿ.ಮೀ. ಉದ್ದದ ಸ್ಕ್ರೂ ಬಳಸುತ್ತೇವೆ. ಹೊರಗಿನ ದಪ್ಪ ಹೆಚ್ಚಿದ್ದಷ್ಟೂ, ಮರೆ (ಸ್ಕ್ರೂ ಮೇಲಿನ ಸುರುಳಿ ಏಣು) ಆಳವಿದ್ದಷ್ಟೂ ಹಿಡಿತ ಜಾಸ್ತಿ. ಆದರೆ ಪೆಡಿಕಲ್ ಎಷ್ಟು ಅಗಲವಿದೆಯೋ ಅಷ್ಟೇ ದಪ್ಪ ಹಾಕಬಹುದು. ಹಾಗಂತ ಮರೆ ಮಾತ್ರ ಆಳ ಮಾಡಿದರೆ ಒಳಗಿನ ಕಂಬಿ ತೆಳ್ಳಗಾಗಿ ಸ್ಕ್ರೂವೇ ಮುರಿಯಬಹುದು. ಒಳಕಂಬಿ ತುದಿಗೆ ಚೂಪಾಗುತ್ತಾ ಹೋಗುವ ಸ್ಕ್ರೂಗಳೂ ಇವೆ. ಅವು ಸುತ್ತಲಿನ ಮೂಳೆಯನ್ನು ಒತ್ತಿ ಬಿಗಿಯಾಗಿ ಕೂರುತ್ತವೆ. ಹಾಕಿದ ಮೇಲೆ ಸ್ವಲ್ಪ ಹಿಂದಕ್ಕೆ ತಿರುಗಿಸಿದರೂ ಆ ಬಿಗಿ ಹೋಗಬಹುದು.

ಪ್ರಶ್ನೆ (ಕುಮಟಾ): ನಾನು ಬಡಗಿ ಸರ್. ಮೆತ್ತಗಿನ ಮರವಾದರೆ ನಾವು ತೂತು ಸಣ್ಣ ಹೊಡೆದು ದಪ್ಪ ಸ್ಕ್ರೂ ಹಾಕುತ್ತೇವೆ. ಇಲ್ಲೂ ಅದೇ ಲೆಕ್ಕವಾ?

ಉತ್ತರ: ತೂತಿನ ಲೆಕ್ಕ ಅದೇ. ಸ್ಕ್ರೂಗಿಂತ ಸುಮಾರು 1 ಮಿ.ಮೀ. ಸಣ್ಣ ಟ್ಯಾಪ್ (ತೂತಿನೊಳಗೆ ಮರೆ ಕೊರೆಯುವ ಸಲಕರಣೆ) ಬಳಸುತ್ತೇವೆ, ಮೂಳೆ ತೀರ ಮೆತ್ತಗಿದ್ದರೆ ಟ್ಯಾಪ್ ಮಾಡುವುದೇ ಇಲ್ಲ. ಆದರೆ ನಿಮ್ಮ ಬಾಗಿಲ ಪಕ್ಕದಲ್ಲಿ ನರ ಇರುವುದಿಲ್ಲ! ಅಳತೆ ಮೀರಿದರೆ ಪೆಡಿಕಲ್ ಒಡೆದು ನರಕ್ಕೆ ತಾಗುತ್ತದೆ.

ಇನ್ನೊಂದು ವಿಷಯ. ಕಂಪನಿಯವರು ತೋರಿಸುವುದು ಸ್ಕ್ರೂವನ್ನು ನೇರ ಎಳೆದು ಕಿತ್ತ ಪರೀಕ್ಷೆಯ ಅಂಕಿ. ಮನುಷ್ಯರ ಬೆನ್ನಲ್ಲಿ ಸ್ಕ್ರೂ ಹಾಗೆ ನೇರ ಕಿತ್ತು ಬರುವುದು ಕಡಿಮೆ. ಬಗ್ಗಿ ಎದ್ದಾಗಲೆಲ್ಲ ಅದು ಮೇಲೆ ಕೆಳಗೆ ಚೂರು ಚೂರು ಅಲ್ಲಾಡುತ್ತದೆ, ತೂತು ಅಗಲವಾಗುತ್ತದೆ. ಎಕ್ಸ್‌ರೇಯಲ್ಲಿ ಸ್ಕ್ರೂ ಸುತ್ತ ಕಪ್ಪು ಗೆರೆ ಕಂಡರೆ ಸಡಿಲವಾಗಿದೆ ಅಂತ ಅನುಮಾನ ಪಡಬೇಕು. ಅಂಕಿ ನೋಡಿ ಸ್ಕ್ರೂ ಆರಿಸುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ (ಶಿರಸಿ): ಹಾಗಾದರೆ ಸಿಮೆಂಟ್ ಏನು ಮಾಡುತ್ತದೆ? ಅಂಟಿನ ಹಾಗಾ?

ಉತ್ತರ: ಅಂಟಲ್ಲ. ಇದು ಪಿಎಂಎಂಎ ಅನ್ನುವ ಒಂದು ಜಾತಿಯ ಪ್ಲಾಸ್ಟಿಕ್. ಸೊಂಟದ ಕೀಲು ಬದಲಿಸಲು ದಶಕಗಳಿಂದ ಬಳಕೆಯಲ್ಲಿದೆ. ಪುಡಿ, ದ್ರವ ಕಲಸಿದ ಮೇಲೆ ಮೂಳೆಯೊಳಗಿನ ಪೊಳ್ಳುಗಳಿಗೆ ನುಗ್ಗಿ, ಕೆಲವೇ ನಿಮಿಷದಲ್ಲಿ ಬಿಸಿಯಾಗಿ ಗಟ್ಟಿಯಾಗುತ್ತದೆ. ಆಗ ಮರೆಗೆ ಹಿಡಿಯಲು ಏನಾದರೂ ಸಿಗುತ್ತದೆ. ತೂತಿಗೆ ಮೊದಲು ಸಿಮೆಂಟ್ ಹಾಕಿ ಆಮೇಲೆ ಸ್ಕ್ರೂ ಬಿಗಿಯುವುದು ಒಂದು ಕ್ರಮ. ಒಳಗೆ ಟೊಳ್ಳಿರುವ, ತುದಿಯ ಹತ್ತಿರ ಸಣ್ಣ ಕಿಂಡಿಗಳಿರುವ ಸ್ಕ್ರೂ ಕೂರಿಸಿ ಅದರೊಳಗಿಂದಲೇ ಸಿಮೆಂಟ್ ತಳ್ಳುವುದು ಇನ್ನೊಂದು.

ಸಾಮಾನ್ಯವಾಗಿ ಒಂದು ಸ್ಕ್ರೂಗೆ 1ರಿಂದ 3 ಮಿ.ಲೀ. ಸಾಕು. ಜಾಸ್ತಿ ಹಾಕಿದಷ್ಟೂ ಹಿಡಿತ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಸೋರುವ ಅಪಾಯ ಮಾತ್ರ ಏರುತ್ತದೆ. ಸೋರಿ ನರದ ಕಡೆ ಹೋಗಬಹುದು, ರಕ್ತನಾಳದ ಮೂಲಕ ಶ್ವಾಸಕೋಶಕ್ಕೂ ಹೋಗಬಹುದು. ಅದಕ್ಕೇ ಸಿಮೆಂಟ್ ನೀರಾಗಿದ್ದಾಗ ತಳ್ಳಬಾರದು, ಸ್ವಲ್ಪ ಮಂದವಾದ ಮೇಲೆ, ಸಿ-ಆರ್ಮ್ ಅನ್ನುವ ಎಕ್ಸ್‌ರೇ ಯಂತ್ರದಲ್ಲಿ ನೋಡುತ್ತಾ ನಿಧಾನ ತಳ್ಳಬೇಕು. ಮುಂದೆ ಸೋಂಕಾದರೆ ಸಿಮೆಂಟ್ ಹಾಕಿದ ಸ್ಕ್ರೂ ತೆಗೆಯುವುದು ಕಷ್ಟ. ಇದನ್ನೂ ತಿಳಿದಿರಿ. ಕಂಡಕಂಡ ಸ್ಕ್ರೂಗೆಲ್ಲ ಸಿಮೆಂಟ್ ಹಾಕುವವನು ನಾನಲ್ಲ. ಆದರೆ ಆಯಿಯಂಥ ಮೂಳೆಗೆ, ಮುಖ್ಯವಾಗಿ ಮೇಲಿನ ಮತ್ತು ಕೆಳಗಿನ ಕೊನೆಯ ಸ್ಕ್ರೂಗಳಿಗೆ, ನಾನಾದರೂ ಹಾಕುತ್ತಿದ್ದೆ.

ಪ್ರಶ್ನೆ (ಅಂಕೋಲಾ): ಆಮೇಲೆ ಎಂಆರ್‌ಐ ಮಾಡಬಹುದಾ?

ಉತ್ತರ: ಸ್ಕ್ರೂ, ರಾಡ್ ಟೈಟಾನಿಯಂ ಲೋಹದ್ದಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಸ್ಕ್ಯಾನ್ ಮಾಡುವವರಿಗೆ ಮೊದಲೇ ಹೇಳಿ.

ಪ್ರಶ್ನೆ (ಶಿರಸಿ): ಆಪರೇಷನ್‌ಗೆ ಮೊದಲು ನಾವು ಏನು ಕೇಳಬೇಕು ಡಾಕ್ಟ್ರೇ? ಆಯಿ ಕವಳಕ್ಕೆ (ಎಲೆ ಅಡಿಕೆಗೆ) ತಂಬಾಕೂ ಹಾಕುತ್ತಾರೆ.

ಉತ್ತರ: ಯಾವ ಯಾವ ಸ್ಕ್ರೂಗೆ ಸಿಮೆಂಟ್, ಹೃದಯ ಮತ್ತು ಶ್ವಾಸಕೋಶದ ತಪಾಸಣೆ ಆಗಿದೆಯಾ, ಮೂಳೆ ಗಟ್ಟಿಯಾಗಲು ಯಾವ ಔಷಧ. ಈ ಮೂರನೆಯದನ್ನು ಬಿಡಬೇಡಿ. ದಿನಾ ಚುಚ್ಚುವ ಟೆರಿಪ್ಯಾರಟೈಡ್, ವರ್ಷಕ್ಕೊಮ್ಮೆ ಕೊಡುವ ಜೋಲೆಡ್ರೊನಿಕ್ ಆ್ಯಸಿಡ್ ಹೀಗೆ ಕೆಲವಿವೆ, ಆಯಿಗೆ ಯಾವುದು ಅಂತ ಅವರೇ ನೋಡಿ ಹೇಳಬೇಕು. ಅದಿಲ್ಲದಿದ್ದರೆ ಪಕ್ಕದ ಮೂಳೆ ಒಡೆದು ಮತ್ತೆ ಹುಬ್ಬಳ್ಳಿಗೆ ಹೋಗಬೇಕಾದೀತು. ಇನ್ನು ಕವಳ. ನಿಕೋಟಿನ್ ಮೂಳೆ ಕೂಡುವುದಕ್ಕೆ ಅಡ್ಡಿ. ಅಡಿಕೆ ಬಗ್ಗೆ ನನ್ನ ಮಾತು ಶಿರಸಿಯವರಿಗೆ ಹಿಡಿಸಲಿಕ್ಕಿಲ್ಲ, ಅದು ಇನ್ನೊಂದು ದಿನಕ್ಕಿರಲಿ. ತಂಬಾಕನ್ನು ಮಾತ್ರ ಇವತ್ತೇ ಬಿಡಿಸಿ.