# ಹ್ಯಾಶ್ (#) ಹಾಕಿದ ಪದ ಅರ್ಧಕ್ಕೇ ತುಂಡಾಗುವುದು ಯಾಕೆ?

ಅಜ್ಜಿಯ ಮೊಮ್ಮಗಳು: ಸರ್, ಅಜ್ಜಿ ಹೇಳಿದ ಹಳೇ ಮನೆಬಳಕೆ ಪದಗಳಿಗೆ ಟಿಪ್ಪಣಿಯಲ್ಲಿ # ಹಾಕಿದ್ದೇನೆ. ಪೈಥಾನ್‌ನಲ್ಲಿ ‘#, ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ, ಪ್ಲಸ್’ ಅಂತ ರೆಜೆಕ್ಸ್ (ಪದ ಹುಡುಕುವ ಮಾದರಿ) ಬರೆದೆ. #ಕಣಜ ಪೂರ್ತಿ ಬಂತು. #ಕಡಗೋಲು ಮಾತ್ರ #ಕಡಗ, #ಮೊರ ಬರೀ #ಮ!

ಉತ್ತರ: ನಿಮ್ಮ ಕಣಜದಲ್ಲೇ ಸುಳಿವಿದೆ. ಅದರಲ್ಲಿ ಬರೀ ತಲೆಕಟ್ಟು. ಗುಡಿಸು, ಕೊಂಬು, ಒತ್ತು ಏನೂ ಇಲ್ಲ. ನಮಗೆ ‘ಗೋ’ ಒಂದೇ ಅಕ್ಷರ. ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ‘ಗ’ ಒಂದು ಸಂಕೇತ, ಪಕ್ಕದ ‘ೋ’ ಇನ್ನೊಂದು. ಪೈಥಾನ್ ಜೊತೆಗೇ ಬರುವ ‘ರೀ’ ಮಾಡ್ಯೂಲ್‌ನ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ’ ಅನ್ನುವುದು ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಇಷ್ಟನ್ನೇ ಒಪ್ಪುತ್ತದೆ. ಗುಣಿತದ ಚಿಹ್ನೆಯೋ ಒತ್ತಿನ ಚಿಹ್ನೆಯೋ ಕಂಡರೆ ಅಲ್ಲೇ ನಿಲ್ಲುತ್ತದೆ. #ಅನ್ನ ಕೊಟ್ಟು ನೋಡಿ, #ಅನ ಬರುತ್ತದೆ. ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಬಿಟ್ಟು, ಚೌಕ ಆವರಣದಲ್ಲಿ ಕನ್ನಡದ ಇಡೀ ಯೂನಿಕೋಡ್ ವ್ಯಾಪ್ತಿ ಕೊಡಿ: 0ಸಿ80ಯಿಂದ 0ಸಿಎಫ್‌ಎಫ್‌ವರೆಗೆ.

ಹಳೇ ಕೈ: ಇಷ್ಟೆಲ್ಲ ಯಾಕೆ? [ಅ-ಹ]+ ಸಾಕು. ವಾಟ್ಸಾಪ್‌ನಲ್ಲಿ ಬಂದಿತ್ತು.

ಉತ್ತರ: ಓಡಿಸಿ ನೋಡಿದಿರಾ? ಇದನ್ನು ಯಾರೂ ನಕಲು ಮಾಡಬೇಡಿ. ಯೂನಿಕೋಡ್ ಸಾಲಿನಲ್ಲಿ ಗುಣಿತದ ಚಿಹ್ನೆಗಳು ‘ಹ’ ಆದಮೇಲೆ ಬರುತ್ತವೆ. ಅನುಸ್ವಾರ ‘ಅ’ಗಿಂತ ಮೊದಲೇ ಕೂತಿದೆ. ಮತ್ತೆ ಅದೇ #ಮ.

ಸಿಟಿ ಬಸ್: ನನಗೆ #ಬೆಂಗಳೂರು ಬರೀ #ಬ ಅಂತ ಬರುತ್ತಿದೆ.

ಉತ್ತರ: ಮೇಲೆ ಓದಿ.

ಹೊಸಬ: ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲ್‌ಗೂ ಇದೇನಾ ಸರ್?

ಹಳೇ ಕೈ: ಸುಮ್ನೆ ಟ್ಯಾಗ್‌ಗಳನ್ನು ಇಂಗ್ಲಿಷ್‌ನಲ್ಲೇ ಹಾಕಿದರೆ ಈ ತಲೆನೋವೇ ಇಲ್ಲ, ಅಲ್ವಾ?

ಅಜ್ಜಿಯ ಮೊಮ್ಮಗಳು: ಕಡಗೋಲಿಗೆ ಇಂಗ್ಲಿಷ್ ಸ್ಪೆಲಿಂಗ್ ಹೇಳಿ ನೋಡೋಣ. ಓದುವವರು ‘ಕಡ’ ಅಂತಾರೋ ‘ಕಾಡ’ ಅಂತಾರೋ?

ಹಳೇ ಕೈ: ಕಡಗೋಲು ಈಗ ಯಾರ ಮನೇಲಿದೆ?

ಸಿಟಿ ಬಸ್: ನಮ್ಮ ಮನೇಲಿದೆ. ಮಜ್ಜಿಗೆ ಬೇಕಾದರೆ ಬನ್ನಿ, ಬುದ್ಧಿವಾದ ಬೇಡ.

ಅಜ್ಜಿಯ ಮೊಮ್ಮಗಳು: ಸರ್, ನೀವು ಹೇಳಿದ ಹಾಗೇ ಮಾಡಿದೆ. ಎಲ್ಲ ಸರಿಹೋಯಿತು. #ಸ್ಟವ್‌ಬತ್ತಿ ಒಂದು ಮಾತ್ರ #ಸ್ಟವ್‌ಗೇ ನಿಂತಿದೆ.

ಉತ್ತರ: ಇದನ್ನು ನಾನೇ ಮೊದಲು ಹೇಳಬೇಕಿತ್ತು. ‘ವ್’ ಮತ್ತು ‘ಬ’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇದೆ, ಝಡ್‌ಡಬ್ಲ್ಯೂಎನ್‌ಜೆ. ಅದಿಲ್ಲದಿದ್ದರೆ ‘ಬ’ ಕೆಳಗಿಳಿದು ‘ವ’ಗೆ ಒತ್ತಾಗುತ್ತದೆ. ಅದರ ಸಂಖ್ಯೆ 200ಸಿ, ಕನ್ನಡದ ವ್ಯಾಪ್ತಿಯ ಹೊರಗೆ. ಅದೇ ಚೌಕ ಆವರಣದೊಳಗೆ ಅದನ್ನೂ ಸೇರಿಸಿ. ಪದ ಸಿಕ್ಕಮೇಲೆ ಅದನ್ನು ತೆಗೆಯಬೇಡಿ, ಬರಹ ಕೆಡುತ್ತದೆ.

ದಸರಾ: ಸರ್ ಅರ್ಜೆಂಟ್! #ಮೈಸೂರು ಹಾಕಿದರೆ ಬರೀ #ಮ.

ಉತ್ತರ: ಮೇಲೆ. ಮೂರನೇ ಸಲ ಕೇಳುತ್ತಿದ್ದೀರಿ ಎಲ್ಲರೂ.

ಹಳೇ ಕೈ: ಅದಕ್ಕೇ ಇಂಗ್ಲಿಷ್ ಅಂದಿದ್ದು.

ಸಿಟಿ ಬಸ್: ಅಡ್ಮಿನ್, ಇವರನ್ನು ಸ್ವಲ್ಪ ನೋಡಿಕೊಳ್ಳಿ.

ಹೊಸಬ: ನುಡಿ ಫೈಲ್ ಕೇಳಿದ್ದೆ ಸರ್…