ಹಳೇ ಪಾಸ್‌ಪೋರ್ಟಲ್ಲಿ ಥಾಯ್ ವೀಸಾ ಇನ್ನೂ ಇದೆ, ಈಗ ಹೊಸ ಪಾಸ್‌ಪೋರ್ಟ್ ಬಂದಿದೆ, ಎರಡೂ ತಗೊಂಡು ಹೋದ್ರೆ ಸಾಕಾ?

ಮೈಸೂರು_ಮಲ್ಲಿಗೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮನೆಯವರು ಬ್ಯಾಂಕಾಕಲ್ಲಿ ಕೆಲಸದಲ್ಲಿದ್ದಾರೆ, ನಾನು ಡಿಪೆಂಡೆಂಟ್ ಆಗಿ ನಾನ್ ಇಮಿಗ್ರೆಂಟ್ ಓ (ನಾನ್ ಓ) ವೀಸಾ ಮೇಲೆ ಅಲ್ಲೇ ಇದ್ದೀನಿ. ಅಮ್ಮಂಗೆ ಮಂಡಿ ಆಪರೇಷನ್ ಇತ್ತು ಅಂತ ಮೈಸೂರಿಗೆ ಬಂದೆ, ಬರೋಕ್ ಮುಂಚೆ ಅದೇ ವೀಸಾ ಮೇಲೆ ವಾಪಸ್ ಹೋಗೋಕೆ ಬೇಕಾದ ರೀ-ಎಂಟ್ರಿ ಪರ್ಮಿಟ್ ಮಾಡಿಸ್ಕೊಂಡೇ ಬಂದಿದ್ದೆ. ಇಲ್ಲಿಗೆ ಬಂದ್ಮೇಲೆ ನೋಡಿದ್ರೆ ಪಾಸ್‌ಪೋರ್ಟಲ್ಲಿ ಖಾಲಿ ಹಾಳೆ ಒಂದೋ ಎರಡೋ ಉಳಿದಿದೆ, ಜೂನ್‌ಗೆ ಎಕ್ಸ್‌ಪೈರಿ ಬೇರೆ, ಹೇಗೂ ಊರಲ್ಲಿದ್ದೀನಲ್ಲ ಅಂತ ಮೇಟಗಳ್ಳಿ ಪೋಸ್ಟ್ ಆಫೀಸ್ ಸೇವಾ ಕೇಂದ್ರದಲ್ಲಿ ರಿನ್ಯೂವಲ್‌ಗೆ ಕೊಟ್ಟೆ, ಹೊಸದು ಬೇಗ್ನೇ ಬಂತು. ಹಳೇದನ್ನ ಮೂಲೆ ಕತ್ತರಿಸಿ ಕ್ಯಾನ್ಸಲ್ಡ್ ಅಂತ ಸೀಲ್ ಹಾಕಿ ವಾಪಸ್ ಕೊಟ್ಟಿದ್ದಾರೆ. ವೀಸಾ ಇರೋ ಹಾಳೆ, ಎಕ್ಸ್‌ಟೆನ್ಷನ್ ಸ್ಟಾಂಪ್, ರೀ-ಎಂಟ್ರಿ ಸ್ಟಾಂಪ್ ಎಲ್ಲಾ ಹಾಗೇ ಇದೆ, ಮಾರ್ಚ್ ತನಕ ಡೇಟ್ ಇದೆ.

ಈಗ ಒಬ್ಬ ಟ್ರಾವೆಲ್ ಏಜೆಂಟ್ ಹೇಳ್ತಾರೆ, ಪಾಸ್‌ಪೋರ್ಟ್ ಕ್ಯಾನ್ಸಲ್ ಆದ್ರೆ ವೀಸಾನೂ ಕ್ಯಾನ್ಸಲ್, ಹೊಸದಾಗಿ ಅಪ್ಲೈ ಮಾಡಿ ಅಂತ. ನಮ್ಮನೆಯವರ ಆಫೀಸಲ್ಲಿ ಎರಡೂ ತಗೊಂಡು ಬನ್ನಿ ಸಾಕು ಅಂತಾರೆ. ಯಾರಾದ್ರೂ ಹೀಗೆ ಹೋಗಿರೋರು ಇದ್ರೆ ದಯವಿಟ್ಟು ಹೇಳಿ, ಟಿಕೆಟ್ ಬುಕ್ ಮಾಡಬೇಕು, ಮಗಳ ಸ್ಕೂಲ್ ಅಲ್ಲಿ ಶುರುವಾಗ್ತಿದೆ.

ಸಿಲ್ಕ್‌ಬೋರ್ಡ್_ಸವಾರ:

ಇಷ್ಟಕ್ಕೆಲ್ಲ ಯಾಕೆ ಟೆನ್ಷನ್ ಮೇಡಂ, ಇಂಡಿಯನ್ಸ್‌ಗೆ ವೀಸಾನೇ ಬೇಡ ಅಲ್ವಾ ಈಗ? 2023 ನವೆಂಬರಲ್ಲಿ 30 ದಿನ ಫ್ರೀ ಮಾಡಿದ್ರು, 2024 ಜುಲೈ 15ರಿಂದ 60 ದಿನ ಮಾಡಿದ್ರು. ಹೊಸ ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗ್ಬಿಡಿ, ಮಿಕ್ಕಿದ್ದು ಅಲ್ಲಿ ಹೋಗಿ ನೋಡ್ಕೊಂಡ್ರಾಯ್ತು. ನಾನು ಫುಕೆಟ್‌ಗೆ ಹಂಗೇ ಹೋಗ್ಬಂದೆ, ಒಂದು ಪ್ರಶ್ನೆನೂ ಕೇಳ್ಲಿಲ್ಲ.

ಚಾವ್‌ಪ್ರಯಾ_ತೀರ:

ದಯವಿಟ್ಟು ಮೇಲಿನವರು ಹೇಳಿದ ಹಾಗೆ ಮಾತ್ರ ಮಾಡ್ಬೇಡಿ. ಟೂರ್‌ಗೆ ಹೋಗೋರಿಗೆ ಅದು ಸರಿ, ನಿಮ್ಮ ಕೇಸಲ್ಲಿ ಅದೇ ದೊಡ್ಡ ಏಟು. ನಾನು ಇಲ್ಲಿ ತುಂಬಾ ವರ್ಷದಿಂದ ಇದ್ದೀನಿ, ಫ್ಯಾಮಿಲಿದೂ ಇದೇ ಥರ ಪಾಸ್‌ಪೋರ್ಟ್ ಬದಲಾಗಿದೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಿ.

ಮೊದಲು ನಿಮ್ಮ ಹತ್ರ ಏನಿದೆ ಅಂತ ತಿಳ್ಕೊಳ್ಳಿ. ನೀವು ಮೊದಲ್ನೇ ಸಲ ಹೋದಾಗ ಅಂಟಿಸಿದ್ರಲ್ಲ ನಾನ್ ಓ ಸ್ಟಿಕ್ಕರ್, ಅದರ ಕೆಲಸ ಯಾವಾಗ್ಲೋ ಮುಗಿದಿದೆ. ಈಗ ಜೀವ ಇರೋದು ಇಮಿಗ್ರೇಷನ್ ಆಫೀಸಲ್ಲಿ 1,900 ಬಾತ್ ಕಟ್ಟಿ ಮಾಡಿಸ್ಕೊಂಡ ಒಂದು ವರ್ಷದ ಎಕ್ಸ್‌ಟೆನ್ಷನ್‌ಗೆ. ಆ ಎಕ್ಸ್‌ಟೆನ್ಷನ್ ನೀವು ದೇಶ ಬಿಟ್ಟ ಕ್ಷಣ ಸತ್ತುಹೋಗುತ್ತೆ, ಸಾಯದೆ ಹಿಡಿದಿಟ್ಟಿರೋದು ಟಿಎಂ 8 ಫಾರಂ ತುಂಬಿ ತಗೊಂಡ್ರಲ್ಲ ಆ ರೀ-ಎಂಟ್ರಿ ಪರ್ಮಿಟ್, ಸಿಂಗಲ್ ಆದ್ರೆ 1,000 ಬಾತ್ ಮಲ್ಟಿಪಲ್ ಆದ್ರೆ 3,800. ಈ ಎರಡೂ ಕೊಟ್ಟಿರೋದು ಥಾಯ್ ಇಮಿಗ್ರೇಷನ್, ಅವರ ಸಿಸ್ಟಮಲ್ಲಿ ಇದೆ, ನಮ್ಮ ಪಾಸ್‌ಪೋರ್ಟ್ ಆಫೀಸ್ ಮೂಲೆ ಕತ್ತರಿಸಿದ ಮಾತ್ರಕ್ಕೆ ಅದು ಕ್ಯಾನ್ಸಲ್ ಆಗೋದಿಲ್ಲ. ಕ್ಯಾನ್ಸಲ್ ಆಗಿರೋದು ಆ ಪುಸ್ತಕ, ಅದನ್ನ ಪ್ರಯಾಣದ ದಾಖಲೆ ಅಂತ ತೋರಿಸೋಕೆ ಆಗಲ್ಲ ಅಷ್ಟೇ. ಏಜೆಂಟ್ ಹೇಳಿದ್ದು ತಪ್ಪು.

ಈಗ ಮುಖ್ಯವಾದ್ದು. ನೀವು ಬ್ಯಾಂಕಾಕಿನ ಸುವರ್ಣಭೂಮಿ ಏರ್‌ಪೋರ್ಟಲ್ಲಿ ಇಳಿದು ಹೊಸ ಪಾಸ್‌ಪೋರ್ಟ್ ಒಂದನ್ನೇ ಕೌಂಟರಲ್ಲಿ ಕೊಟ್ರೆ ಆಫೀಸರ್‌ಗೆ ಕಾಣೋದು ಒಬ್ಬ ಟೂರಿಸ್ಟ್, ಖಾಲಿ ಪಾಸ್‌ಪೋರ್ಟ್, ಟಪ್ ಅಂತ ವೀಸಾ ಇಲ್ಲದೆ ಬರೋ ಟೂರಿಸ್ಟ್‌ಗೆ ಹಾಕೋ ಎಕ್ಸೆಂಪ್ಷನ್ ಸ್ಟಾಂಪ್ ಒತ್ತಿಬಿಡ್ತಾರೆ. ಒತ್ತಿ ನೀವು ಹೊರಗೆ ಬಂದ್ರೆ ಪರ್ಮಿಟ್ ಉಪಯೋಗಿಸಲೇ ಇಲ್ಲ ಅಂತಾಯ್ತು, ಎಕ್ಸ್‌ಟೆನ್ಷನ್ ಹೋಯ್ತು, ಮತ್ತೆ ನಾನ್ ಓ ಇಂದ ಶುರು ಮಾಡಬೇಕು. ಮದುವೆ ಸರ್ಟಿಫಿಕೇಟ್, ಅದರ ಅನುವಾದ, ಅಟೆಸ್ಟೇಷನ್, ನಿಮ್ಮವರ ಕಂಪನಿ ಪತ್ರ ಎಲ್ಲಾ ಮತ್ತೆ. ನನಗೆ ಪರಿಚಯದ ಒಂದು ಕುಟುಂಬಕ್ಕೆ ಹೀಗೇ ಆಯ್ತು, ಆ ಮೇಡಂ ಮಗು ಎತ್ಕೊಂಡು ಸುಸ್ತಾಗಿ ನಿಂತಿದ್ರು, ಹಳೇ ಪಾಸ್‌ಪೋರ್ಟ್ ಬ್ಯಾಗಲ್ಲೇ ಇತ್ತು, ತೆಗೆದು ಕೊಡೋ ಹೊತ್ತಿಗೆ ಸ್ಟಾಂಪ್ ಬಿದ್ದಿತ್ತು, ಅದನ್ನ ನೋಡದೇನೇ ಲಗೇಜ್ ಬೆಲ್ಟ್ ಕಡೆ ಹೋದ್ರು. ತಿಂಗಳುಗಟ್ಲೆ ಓಡಾಡಿದ್ರು ಪಾಪ.

ಹಾಗಾಗಿ ಎರಡು ಪಾಸ್‌ಪೋರ್ಟ್ ಒಟ್ಟಿಗೆ ಕೊಡಿ, ಹಳೇದನ್ನ ರೀ-ಎಂಟ್ರಿ ಸ್ಟಾಂಪ್ ಇರೋ ಹಾಳೆ ತೆರೆದೇ ಕೊಡಿ, ಬಾಯಲ್ಲೂ ರೀ-ಎಂಟ್ರಿ ಅಂತ ಹೇಳಿ, ಅಲ್ಲಿನವರಿಗೆ ಆ ಪದ ತಕ್ಷಣ ಗೊತ್ತಾಗುತ್ತೆ. ಅವರು ಹೊಸದರಲ್ಲಿ ಎಂಟ್ರಿ ಸ್ಟಾಂಪ್ ಹಾಕ್ತಾರೆ, ಅದರಲ್ಲಿ ಇರಬೇಕಾದ ಕೊನೇ ತಾರೀಕು ನಿಮ್ಮ ಎಕ್ಸ್‌ಟೆನ್ಷನ್ ಮುಗಿಯೋ ಮಾರ್ಚ್ ತಾರೀಕೇ. ಕೌಂಟರ್ ಬಿಡೋಕ್ ಮುಂಚೆ ಅಲ್ಲೇ ನಿಂತು ಓದಿ. ಹಿಂದೆ ಕ್ಯೂ ಇದ್ರೂ ಪರವಾಗಿಲ್ಲ. ಬೇರೆ ತಾರೀಕು ಇದ್ರೆ ಅಲ್ಲೇ ಹೇಳಿದ್ರೆ ಸರಿ ಮಾಡ್ತಾರೆ, ಹೊರಗೆ ಬಂದ್ಮೇಲೆ ಅದೇ ಕೆಲಸ ಹತ್ತು ಪಟ್ಟು ಕಷ್ಟ. ಮಗಳದ್ದೂ ಪರ್ಮಿಟ್ ಇದ್ರೆ ಅವಳ ಸ್ಟಾಂಪೂ ಬೇರೆಯಾಗಿ ನೋಡಿ.

ಮೈಸೂರು_ಮಲ್ಲಿಗೆ:

ತುಂಬಾ ಥ್ಯಾಂಕ್ಸ್, ಓದಿ ಎದೆ ಝಲ್ ಅಂತು ಆದ್ರೆ ಈಗ ಅರ್ಥ ಆಯ್ತು. ಮಗಳದ್ದು ಹಳೇ ಪಾಸ್‌ಪೋರ್ಟೇ, ಇನ್ನೂ ಟೈಮ್ ಇದೆ, ಅವಳದ್ದು ತೊಂದ್ರೆ ಇಲ್ಲ. ಇನ್ನೊಂದು ಎರಡು ಡೌಟ್. ಟಿಕೆಟ್‌ಗೆ ಯಾವ ನಂಬರ್ ಕೊಡ್ಬೇಕು? ಆ ಡಿಜಿಟಲ್ ಅರೈವಲ್ ಕಾರ್ಡ್‌ಗೆ ಯಾವುದು? ಬೆಂಗಳೂರು ಏರ್‌ಪೋರ್ಟಲ್ಲಿ ಒನ್ ವೇ ಟಿಕೆಟ್ ನೋಡಿ ಹತ್ತಿಸಲ್ಲ ಅಂದ್ರೆ?

ಹುಬ್ಬಳ್ಳಿ_ಗಿರ್ಮಿಟ್:

ಅಕ್ಕಾರ, ಎಲ್ಲಾ ಕಡೆ ಹೊಸಾ ನಂಬರ್ರ ಕೊಡ್ರಿ. ಟಿಕೆಟ್ಟಿಗೂ ಅದ, ಅರೈವಲ್ ಕಾರ್ಡಿಗೂ ಅದ. ಆ ಕಾರ್ಡ್ 2025 ಮೇ 1ರಿಂದ ಕಡ್ಡಾಯ ಐತಿ, ಮೊದಲಿನ ಟಿಎಂ 6 ಚೀಟಿ ಬದ್ಲಿ ಬಂದದ್ದು, ಇಳಿಯೂಕಿಂತ ಮುಂಚಿನ 3 ದಿನದಾಗ ತುಂಬೂದು, ಒಂದು ರೂಪಾಯಿನೂ ಖರ್ಚಿಲ್ಲ. ಗೂಗಲ್ ಮಾಡಿದ್ರ ರೊಕ್ಕ ಕೇಳೂ ಸೈಟ್ ಭಾಳ ಬರ್ತಾವ್ರಿ, ಅವಕ್ಕ ಕಾರ್ಡ್ ನಂಬರ್ ಕೊಡಬ್ಯಾಡ್ರಿ, ಥಾಯ್ ಇಮಿಗ್ರೇಷನ್ ಸೈಟ್‌ನ್ಯಾಗ ಮಾತ್ರ ತುಂಬ್ರಿ.

ಚೆಕ್-ಇನ್ ವಿಷಯ ನೀವು ಕೇಳಿದ್ದು ಬರೋಬ್ಬರಿ ಐತಿ. ಏರ್‌ಲೈನ್‌ನವರು ಟೈಮ್ಯಾಟಿಕ್ ಅಂತ ಒಂದು ಸಿಸ್ಟಮ್ ನೋಡಿ ಹತ್ತಿಸೂದು ಬಿಡೂದು ತೀರ್ಮಾನ ಮಾಡ್ತಾರ. ತಪ್ಪ್ ಮಂದಿನ್ನ ಕರ್ಕೊಂಡು ಹೋದ್ರ ವಾಪಸ್ ತರೂ ಖರ್ಚು ಅವರ ತಲಿ ಮ್ಯಾಲ, ಅದಕ್ಕ ಅವರು ಇಮಿಗ್ರೇಷನ್‌ಕ್ಕಿಂತ ಜಾಸ್ತಿ ಹೆದರ್ತಾರ. ಹೊಸಾ ಪಾಸ್‌ಪೋರ್ಟ್ ಅಷ್ಟ ಕೊಟ್ರ ರಿಟರ್ನ್ ಟಿಕೆಟ್ ಎಲ್ಲೈತಿ ಅಂತ ಕೇಳಾವ್ರ. ಅಲ್ಲಿನೂ ಎರಡೂ ಒಟ್ಟಿಗೆ ಕೊಟ್ಟು ರೀ-ಎಂಟ್ರಿ ಪರ್ಮಿಟ್ ತೋರ್ಸ್ರಿ. ಕೌಂಟರ್‌ನ್ಯಾಗ ಕುಂತ ಹುಡುಗರು ಹೊಸಬ್ರಿದ್ರ ಅವರಿಗೆ ತಿಳಿಯೂದಿಲ್ಲ, ನೀವು ಸಿಟ್ಟಾಗಬ್ಯಾಡ್ರಿ, ಸೂಪರ್‌ವೈಸರ್‌ನ ಕರೀರಿ ಅಂತ ಹೇಳ್ರಿ. ಟರ್ಮಿನಲ್ 2ಕ್ಕ ಯಾವಾಗ್ಲೂ ಹೋಗೂ ಹೊತ್ತಿಗಿಂತ ಇನ್ನೂ ಒಂದು ತಾಸು ಮುಂಚೇನ ಹೋಗ್ರಿ, ವೆಬ್ ಚೆಕ್-ಇನ್ ಆಗೇತಿ ಅಂತ ಕೊನೀಗೆ ಓಡಬ್ಯಾಡ್ರಿ. ನಮ್ಮ ಇಮಿಗ್ರೇಷನ್‌ನವ್ರೂ ಒಮ್ಮೊಮ್ಮೆ ಹಳೇದು ತೋರ್ಸ್ರಿ ಅಂತಾರ, ಅದಕ್ಕ ಎರಡನ್ನೂ ಕೈಯಾಗ ಇಟ್ಕೋರಿ, ಚೆಕ್-ಇನ್ ಲಗೇಜಿನ್ಯಾಗ ಹಾಕಬ್ಯಾಡ್ರಿ ಮತ್ತ.

ಇನ್ನೊಂದು ಮಾತು. ನಿಮ್ಮ ಹೊಸಾ ಪಾಸ್‌ಪೋರ್ಟಿನ ಕಡೀ ಹಾಳಿ ತಗದು ನೋಡ್ರಿ, ಅಪ್ಪ ಅವ್ವನ ಹೆಸರು, ಅಡ್ರೆಸ್ ಇರೂ ಕಡೆ ಹಳೇ ಪಾಸ್‌ಪೋರ್ಟ್ ನಂಬರ್, ಕೊಟ್ಟ ತಾರೀಖು, ಊರು ಪ್ರಿಂಟ್ ಆಗಿರಬೇಕು. ಎರಡೂ ಒಬ್ಬರದ ಅಂತ ತೋರ್ಸೂ ಪುರಾವೆ ಅದು. ಮತ್ತ ಹೆಸರು? ರಿನ್ಯೂವಲ್‌ದಾಗ ಹೆಸರು ಏನರ ಬದಲ್ ಮಾಡ್ಸಿರೇನು? ನಮ್ಮ ಮಂದಿಗೆ ಇದ ದೊಡ್ಡ ಕಿರಿಕಿರಿ, ಹಳೇದ್ರಾಗ ಬರೇ ಇನಿಷಿಯಲ್ ಇರ್ತದ, ಸರ್‌ನೇಮ್ ಕಾಲಮ್ ಖಾಲಿ ಇರ್ತದ, ಹೊಸದ್ರಾಗ ಇನಿಷಿಯಲ್ ಬಿಡ್ಸಿ ಅಪ್ಪನ ಹೆಸರೋ ಊರ ಹೆಸರೋ ಸೇರಿಸ್ತಾರ. ಹಂಗಾದ್ರ ವೀಸಾದಾಗಿನ ಹೆಸರು ಒಂದು, ಪಾಸ್‌ಪೋರ್ಟಿನ ಹೆಸರು ಒಂದು ಆಗ್ತದ, ಆವಾಗ ಬರೇ ಎರಡು ಪಾಸ್‌ಪೋರ್ಟ್ ತೋರ್ಸಿದ್ರ ನಡ್ಯೂದಿಲ್ಲ, ಹೊಂಡೂಕಿಂತ ಮೊದ್ಲ ಚೆನ್ನೈನ ಥಾಯ್ ಕಾನ್ಸುಲೇಟ್‌ಗೆ ಬರ್ದು ಕೇಳ್ರಿ.

ಮೈಸೂರು_ಮಲ್ಲಿಗೆ:

ಹೆಸರು ಏನೂ ಬದಲಾಯಿಸಿಲ್ಲ ಅಣ್ಣ, ಪುಣ್ಯಕ್ಕೆ. ಕೊನೇ ಹಾಳೆ ನೋಡಿದೆ, ಹಳೇ ನಂಬರ್ ಇದೆ, ಬ್ಯಾಂಕಾಕ್ ಅಂತ ಇದೆ ಯಾಕಂದ್ರೆ ಹಿಂದಿನದ್ದು ಅಲ್ಲಿನ ಎಂಬೆಸಿಯಲ್ಲೇ ಮಾಡಿಸಿದ್ದು. ಅಲ್ಲಿಗೆ ಹೋದ್ಮೇಲೆ ಜೀವನ ಪೂರ್ತಿ ಎರಡೆರಡು ಪಾಸ್‌ಪೋರ್ಟ್ ಇಟ್ಕೊಂಡೇ ಓಡಾಡಬೇಕಾ?

ಚಾವ್‌ಪ್ರಯಾ_ತೀರ:

ಇಲ್ಲ ಇಲ್ಲ. ಬಂದ್ಮೇಲೆ ಇಮಿಗ್ರೇಷನ್ ಆಫೀಸಲ್ಲಿ ಹಳೇ ಸ್ಟಾಂಪ್‌ಗಳನ್ನ ಹೊಸದಕ್ಕೆ ವರ್ಗಾಯಿಸಿಕೊಡ್ತಾರೆ, ಅದಕ್ಕೇ ಬೇರೆ ಫಾರಂ ಇದೆ, ಫೀಸ್ ಇಲ್ಲ. ಬ್ಯಾಂಕಾಕ್ ಅಡ್ರೆಸ್ ಆದ್ರೆ ಚೇಂಗ್ ವತ್ತನಾದ ಸರ್ಕಾರಿ ಕಾಂಪ್ಲೆಕ್ಸ್, ಬಿ ಬಿಲ್ಡಿಂಗ್, ಈಗ ಪಿಂಕ್ ಲೈನ್ ರೈಲು ಆ ರಸ್ತೆಯಲ್ಲೇ ಹೋಗುತ್ತೆ. ನೊಂತಬುರಿನೋ ಸಮುತ್ ಪ್ರಾಕಾನೋ ಆದ್ರೆ ಆಯಾ ಪ್ರಾಂತ್ಯದ ಆಫೀಸಿಗೇ ಹೋಗ್ಬೇಕು. ಬೆಳಿಗ್ಗೆ 8:30ಕ್ಕೆ ತೆಗೆಯೋ ಹೊತ್ತಿಗೆ ಇರಿ, 12ರಿಂದ 1 ಊಟಕ್ಕೆ ನಿಲ್ಲಿಸ್ತಾರೆ, ಆ ಗ್ಯಾಪಲ್ಲಿ ಸಿಕ್ಕಿಹಾಕ್ಕೊಂಡ್ರೆ ಅರ್ಧ ದಿನ ಅಲ್ಲೇ. ಹಳೇದ್ರ ಫೋಟೋ ಇರೋ ಹಾಳೆ, ನಾನ್ ಓ ಸ್ಟಿಕ್ಕರ್, ಕೊನೇ ಎಕ್ಸ್‌ಟೆನ್ಷನ್, ರೀ-ಎಂಟ್ರಿ, ಹೊಸದ್ರ ಫೋಟೋ ಹಾಳೆ, ಕೊನೇ ಹಾಳೆ, ಈಗಿನ ಎಂಟ್ರಿ ಸ್ಟಾಂಪ್, ಎಲ್ಲದರ ಜೆರಾಕ್ಸ್ ತೆಗೆಸಿ ಒಂದೊಂದರ ಮೇಲೂ ಸಹಿ ಹಾಕಿ. ಸಹಿ ಇಲ್ಲದ ಜೆರಾಕ್ಸ್ ಅಲ್ಲಿ ನಡೆಯಲ್ಲ.

ಕೆಲವು ಸಲ ಪಾಸ್‌ಪೋರ್ಟ್ ಬದಲಾಗಿದೆ ಅಂತ ಇಂಡಿಯನ್ ಎಂಬೆಸಿಯಿಂದ ಪತ್ರ ತನ್ನಿ ಅಂತಾರೆ, ಅದರಲ್ಲೂ ಹೊಸದು ಇಲ್ಲಿನ ಎಂಬೆಸಿಯಲ್ಲೇ ಆಗಿದ್ರೆ ಕೇಳೇ ಕೇಳ್ತಾರೆ. ನಿಮ್ಮದು ಊರಲ್ಲಿ ಆಗಿರೋದ್ರಿಂದ ಮೊದಲು ಕೊನೇ ಹಾಳೆ ತೋರಿಸಿ ನೋಡಿ. ಮನೆ ಓನರ್ ಮಾಡೋ ಟಿಎಂ 30 ವಿಳಾಸದ ರಿಪೋರ್ಟ್ ಹೊಸ ನಂಬರ್‌ಗೆ ಮಾಡಿಸಿ ಅದರ ರಸೀದಿ ಇಟ್ಕೊಂಡೇ ಹೋಗಿ, ಅದಿಲ್ಲ ಅಂತ ವಾಪಸ್ ಕಳಿಸಿದ್ದನ್ನ ನೋಡಿದ್ದೀನಿ. 90 ದಿನಕ್ಕೊಮ್ಮೆ ಇಮಿಗ್ರೇಷನ್‌ಗೆ ವಿಳಾಸ ತಿಳಿಸೋ ರಿಪೋರ್ಟ್ ನೀವು ಈಗ ಒಳಗೆ ಬಂದ ದಿನದಿಂದ ಹೊಸದಾಗಿ ಲೆಕ್ಕ, ಆದ್ರೆ ಹೊಸ ಪಾಸ್‌ಪೋರ್ಟ್ ಆದ್ಮೇಲೆ ಮೊದಲ್ನೇ ಸಲ ಆನ್‌ಲೈನ್ ತಗೊಳ್ಳಲ್ಲ, ಖುದ್ದಾಗಿ ಹೋಗಿ. ಸ್ಟಾಂಪ್ ವರ್ಗಾವಣೆ ಆಗೋ ತನಕ ಮತ್ತೆ ದೇಶ ಬಿಟ್ಟು ಹೋಗೋದಾದ್ರೆ ಎರಡೂ ಜೊತೇಲಿರಲಿ. ಆಮೇಲೂ ಹಳೇದನ್ನ ಎಸೀಬೇಡಿ, ಬೀರುವಲ್ಲಿ ಇರಲಿ.

ಕಡಲ_ಕರೆ:

ಇದೇ ಥ್ರೆಡಲ್ಲಿ ಕೇಳ್ತೀನಿ ಕ್ಷಮಿಸಿ. ನಾನು ಮಂಗಳೂರಿನವ, ರಿಮೋಟ್ ಕೆಲಸ, ನನ್ನ ಹತ್ರ ಡಿಟಿವಿ (ರಿಮೋಟ್ ಕೆಲಸದವರಿಗೂ ಕೊಡುವ ಥಾಯ್ ವೀಸಾ) ಉಂಟು, ಆದ್ರೆ ಅದು ಸ್ಟಿಕ್ಕರ್ ಅಲ್ಲ, ಇ-ವೀಸಾ ಪಿಡಿಎಫ್, ಅದ್ರಲ್ಲಿ ಹಳೇ ಪಾಸ್‌ಪೋರ್ಟ್ ನಂಬರ್ ಉಂಟು. ಪಾಸ್‌ಪೋರ್ಟ್ ಮುಂದಿನ ವರ್ಷ ಮುಗಿತದೆ, ವೀಸಾ 5 ವರ್ಷದ್ದು. ಆಗ ಎಂತ ಮಾಡುದು?

ಚಾವ್‌ಪ್ರಯಾ_ತೀರ:

ಒಳ್ಳೇ ಪ್ರಶ್ನೆ, ಯಾಕಂದ್ರೆ ಭಾರತದಲ್ಲಿ 2025 ಜನವರಿಯಿಂದ ಇ-ವೀಸಾನೇ ಆಗಿರೋದ್ರಿಂದ ಇನ್ಮೇಲೆ ಎಲ್ಲರಿಗೂ ಇದೇ ಬರುತ್ತೆ. ಆ ಪಿಡಿಎಫ್‌ಗೆ ಹಳೇ ನಂಬರೇ ಆಧಾರ, ಹಾಗಾಗಿ ಹಳೇ ಪಾಸ್‌ಪೋರ್ಟ್ ಇಲ್ಲದೆ ಆ ಕಾಗದಕ್ಕೆ ಬೆಲೆ ಇಲ್ಲ. ಪಾಸ್‌ಪೋರ್ಟ್ ಎರಡೂ, ಜೊತೆಗೆ ಇ-ವೀಸಾ ಪ್ರಿಂಟ್, ಮೊಬೈಲಲ್ಲಿ ಇದ್ರೂ ಕಾಗದದ ಮೇಲೆ ಇರಲಿ. ಸ್ಟಿಕ್ಕರ್ ಆದ್ರೆ ಆಫೀಸರ್ ಕಣ್ಣಿಗೆ ಕಾಣುತ್ತೆ, ಇದರಲ್ಲಿ ಹಳೇ ಪಾಸ್‌ಪೋರ್ಟಲ್ಲಿ ನೋಡೋಕೆ ಏನೂ ಇರಲ್ಲ, ಅದಕ್ಕೇ ನೀವೇ ಬಾಯಿಬಿಟ್ಟು ಡಿಟಿವಿ ಅಂತ ಹೇಳ್ಬೇಕು, ಇಲ್ದಿದ್ರೆ ನಿಮಗೂ ಅದೇ ಟೂರಿಸ್ಟ್ ಸ್ಟಾಂಪ್, 180 ದಿನ ಸಿಗಬೇಕಾದ ಕಡೆ ಕಮ್ಮಿ ದಿನ. ರಿನ್ಯೂ ಆದ ತಕ್ಷಣ ವೀಸಾ ಕೊಟ್ಟ ಎಂಬೆಸಿಗೆ ಅಥವಾ ಕಾನ್ಸುಲೇಟ್‌ಗೆ ಮೇಲ್ ಹಾಕಿ ಉತ್ತರ ಬರಹದಲ್ಲಿ ತರಿಸ್ಕೊಳ್ಳಿ, ಚೆಕ್-ಇನ್‌ನಲ್ಲಿ ತೋರಿಸೋಕೆ ಅದು ಬೇಕಾಗುತ್ತೆ.

ಇನ್ನೊಂದು ನೆನಪಿಡಿ, ಪಾಸ್‌ಪೋರ್ಟ್ ಎಷ್ಟು ದಿನ ಜೀವಂತವೋ ಅದಕ್ಕಿಂತ ಒಂದು ದಿನ ಜಾಸ್ತಿ ಇಲ್ಲಿ ಇರೋಕೆ ಬಿಡಲ್ಲ. ಎಕ್ಸ್‌ಪೈರಿ ಹತ್ತಿರ ಇಟ್ಕೊಂಡು ಬಂದ್ರೆ 180 ದಿನ ಕೊಡೋ ಕಡೆ ಪಾಸ್‌ಪೋರ್ಟ್ ಮುಗಿಯೋ ದಿನಕ್ಕೇ ಸ್ಟಾಂಪ್ ಕಡಿದು ಕೊಡ್ತಾರೆ. ಅದನ್ನ ನೋಡದೆ 180 ಲೆಕ್ಕ ಹಾಕ್ಕೊಂಡು ಕೂತ್ರೆ ಓವರ್‌ಸ್ಟೇ, ದಿನಕ್ಕೆ 500 ಬಾತ್ ದಂಡ, 20,000ದ ತನಕ. ಆದ್ದರಿಂದ ಊರಲ್ಲಿದ್ದಾಗಲೇ ಬೇಗ ರಿನ್ಯೂ ಮಾಡಿಸಿ ಬನ್ನಿ.

ಹುಬ್ಬಳ್ಳಿ_ಗಿರ್ಮಿಟ್:

ರಿನ್ಯೂವಲ್‌ಗೆ ಹೋದಾಗ ಕೌಂಟರ್‌ನ್ಯಾಗ ಮೊದ್ಲ ಹೇಳ್ರಿ, ಇದ್ರಾಗ ಚಾಲ್ತಿ ವೀಸಾ ಐತಿ, ಆ ಹಾಳಿ ಮ್ಯಾಲ ಏನೂ ಹೊಡೀಬ್ಯಾಡ್ರಿ, ಹಳೇದು ನನಗ ವಾಪಸ್ ಬೇಕು ಅಂತ. ಮತ್ತ ಎರಡೂ ಪಾಸ್‌ಪೋರ್ಟ್ ಸೇರ್ಸಿ ಸ್ಟೇಪ್ಲರ್ ಹೊಡೀಬ್ಯಾಡ್ರಿ, ಭಾಳ ಮಂದಿ ಹೊಡೀತಾರ. ಈಗಿನ ಹೊಸಾ ಪಾಸ್‌ಪೋರ್ಟಿಗೆ ಚಿಪ್ ಇರ್ತದ, ಪಿನ್ ಅದಕ್ಕ ಚುಚ್ಚಿದ್ರ ಮುಗೀತು. ಒಂದು ರಬ್ಬರ್ ಬ್ಯಾಂಡ್ ಹಾಕ್ರಿ, ಕೌಂಟರ್‌ಗೆ ಹೋದ ಮ್ಯಾಲ ಅದನ್ನೂ ತಗದು ಕೊಡ್ರಿ.

ಸಿಲ್ಕ್‌ಬೋರ್ಡ್_ಸವಾರ:

ರೀ-ಎಂಟ್ರಿ ವಿಷಯ ಓದಿ ಗೊತ್ತಾಯ್ತು, ನಾನು ಹೇಳಿದ್ದು ಟೂರಿಸ್ಟ್‌ಗೆ ಮಾತ್ರ ಅಂತ ತಗೊಳ್ಳಿ ಮೇಡಂ. ಹಾಗೇ ಆ ಫ್ರೀ ದಿನಗಳ ಸಂಖ್ಯೆನೂ ಅವರು ಆಗಾಗ ಬದಲಾಯಿಸ್ತಾರೆ, ಟೂರ್‌ಗೆ ಹೋಗೋರೂ ಟಿಕೆಟ್‌ಗೆ ಮುಂಚೆ ಎಂಬೆಸಿ ಸೈಟ್ ನೋಡ್ಕೊಳ್ಳಿ.

ಮೈಸೂರು_ಮಲ್ಲಿಗೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೊಸ ನಂಬರಲ್ಲೇ ಟಿಕೆಟ್ ಮಾಡಿದೆ, ಭಾನುವಾರ ರಾತ್ರಿ ಫ್ಲೈಟ್. ನಮ್ಮನೆಯವರಿಗೆ ಇದನ್ನೆಲ್ಲ ಕಳಿಸಿದ್ದೀನಿ, ಮನೆ ಓನರ್ ಹತ್ರ ಟಿಎಂ 30 ಬಗ್ಗೆ ಇವತ್ತೇ ಮಾತಾಡ್ತಾರಂತೆ. ಚೇಂಗ್ ವತ್ತನಾದಲ್ಲಿ ಪತ್ರ ಕೇಳಿದ್ರಾ ಇಲ್ವಾ ಅಂತ ಹೋಗ್ಬಂದ್ಮೇಲೆ ಇಲ್ಲೇ ಬರೀತೀನಿ.